ತಮ್ಮನ ಕೊನೆಯ ಸಹಿ

ಕಳೆದ ವಾರ ಸೊಸೈಟಿಯಿಂದ ಅಮ್ಮನ ಖಾತೆಗೆ ಹಣ ಬಂತು. ಅಲ್ಲಿಗೆ ಹದಿಮೂರು ತಿಂಗಳ ಓಡಾಟ ಮುಗಿಯಿತು. ನನ್ನ ತಮ್ಮ 2025ರ ಜನವರಿಯಲ್ಲಿ ಪ್ರಯಾಗದ ಕುಂಭಮೇಳದಲ್ಲಿ ನಾಗಾ ಸನ್ಯಾಸಿಯಾದ. ಅದಕ್ಕೆ ಮೊದಲು ಮನೆಯವರು ಏನೇನು ಮಾಡಿಕೊಳ್ಳಬೇಕು, ಆದಮೇಲೆ ಏನೇನು ಮಾಡಲು ಆಗುವುದಿಲ್ಲ ಅಂತ ನಮಗೆ ಹೇಳುವವರು ಯಾರೂ ಇರಲಿಲ್ಲ. ನಮ್ಮ ವಕೀಲರಿಗೂ ಇಂಥದ್ದು ಮೊದಲ ಸಲ. 2027ಕ್ಕೆ ನಾಸಿಕ್‌-ತ್ರ್ಯಂಬಕೇಶ್ವರದಲ್ಲಿ ಕುಂಭ ಇದೆ, 2028ಕ್ಕೆ ಉಜ್ಜಯಿನಿಯಲ್ಲಿ. ಅಲ್ಲಿ ದೀಕ್ಷೆಗೆ ಕಾಯುತ್ತಿರುವ ಹುಡುಗರ ಅಮ್ಮಂದಿರು, ಅಕ್ಕಂದಿರು ನಮ್ಮ ಕಡೆಯೂ ಇರುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ಅವನು ಸೇರಿದ ಅಖಾಡ, ಅಂದರೆ ಸನ್ಯಾಸಿಗಳ ಸಂಘ ಯಾವುದು, ಕಚೇರಿ ಯಾವುದು ಅಂತ ಬರೆಯುವುದಿಲ್ಲ.

ನಮ್ಮದು ಮಲೆನಾಡಿನ ಹಳ್ಳಿ. ಶೃಂಗೇರಿಗೆ ಒಂದು ಗಂಟೆಯ ದಾರಿ. ಹಾಗಾಗಿ ಸನ್ಯಾಸ, ಕಾವಿ, ಮಠ ಇವೆಲ್ಲ ನಮಗೆ ಹೊಸದಲ್ಲ. ಗಿರಿ, ಪುರಿ, ಭಾರತೀ, ಸರಸ್ವತೀ ಅಂತ ಹತ್ತು ಹೆಸರಿನ ದಶನಾಮಿ ಸನ್ಯಾಸಿಗಳು ಶಂಕರಾಚಾರ್ಯರ ಪರಂಪರೆಯವರು ಅಂತ ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ ಅದೇ ದಶನಾಮಿಗಳಲ್ಲಿ ಆಯುಧ ಹಿಡಿಯುವ ಪಡೆಯೂ ಇದೆ ಅಂತ ನನಗೆ ಗೊತ್ತಾಗಿದ್ದು ತಮ್ಮ ಹೋದಮೇಲೆ. ಅವರಲ್ಲಿ ಓದುವವರು ಶಾಸ್ತ್ರಧಾರಿಗಳು, ಕಾಯುವವರು ಶಸ್ತ್ರಧಾರಿಗಳು. ನಾಗಾಗಳು ಎರಡನೆಯವರು.

2013ರ ಪ್ರಯಾಗ ಕುಂಭ ನೋಡಲು ಅವನು ಸ್ನೇಹಿತರ ಜೊತೆ ಹೋದ. ಆಗ ಇಪ್ಪತ್ತೆರಡು ವರ್ಷ. ಸ್ನೇಹಿತರು ವಾಪಸ್ ಬಂದರು, ಅವನು ಬರಲಿಲ್ಲ. ಮೊದಲು ತಿಂಗಳಿಗೊಂದು ಫೋನ್ ಬರುತ್ತಿತ್ತು. ಆಮೇಲೆ ಯುಗಾದಿಗೊಂದು, ದೀಪಾವಳಿಗೊಂದು. ಫೋನಿನಲ್ಲಿ ಅವನು ಹೇಳುತ್ತಿದ್ದುದು ಪೂಜೆ, ಧ್ಯಾನದ ಮಾತಲ್ಲ. ಮೊದಲ ಎರಡು ವರ್ಷ ಗುರುವಿನ ಧುನಿಗೆ, ಅಂದರೆ ಸಾಧುಗಳ ಅಗ್ನಿಕುಂಡಕ್ಕೆ, ಸೌದೆ ಒಡೆದೆ ಅನ್ನುತ್ತಿದ್ದ. ಪಾತ್ರೆ ತಿಕ್ಕಿದೆ, ರಾತ್ರಿ ಕಾವಲು ಕೂತೆ, ಹಸು ನೋಡಿಕೊಂಡೆ. ಆಮೇಲೆ ಭಂಡಾರದ ಕೆಲಸ, ಆಮೇಲೆ ಅಖಾಡದ ಕಾವಲು, ಶಿಸ್ತು ನೋಡಿಕೊಳ್ಳುವ ಕೋತ್ವಾಲರ ಕೈಕೆಳಗೆ. ಇಲ್ಲಿಂದ ಅಲ್ಲಿಗೆ ಹೋಗು ಅಂದರೆ ಅವತ್ತೇ ಹೊರಡಬೇಕು. ರಜೆ ಅನ್ನುವುದೇ ಇಲ್ಲ. ಅಪ್ಪ ಒಂದು ಸಲ ಕೇಳಿ, "ಇದು ಮಠ ಅಲ್ಲ ಕಣೇ, ಮಿಲಿಟರಿ" ಅಂದಿದ್ದರು.

ಅಪ್ಪ ಹೇಳಿದ್ದು ಸುಳ್ಳಲ್ಲ. ಅಖಾಡ ಅಂದರೇನೇ ಕುಸ್ತಿಯ ಕಣ. ಒಟ್ಟು 13 ಅಖಾಡಗಳಿವೆ. ಅದರಲ್ಲಿ 7 ಶೈವರವು, 3 ವೈಷ್ಣವರವು, ಉಳಿದವು ಉದಾಸೀನ ಮತ್ತು ನಿರ್ಮಲ ಪಂಥದವು. 1757ರಲ್ಲಿ ಅಹ್ಮದ್ ಶಾ ಅಬ್ದಾಲಿಯ ಸೈನ್ಯ ಮಥುರಾವನ್ನು ಹಾಳು ಮಾಡಿ ಗೋಕುಲಕ್ಕೆ ಬಂದಾಗ ಎದುರು ನಿಂತವರು ನಾಗಾಗಳು. ರಾಜರ ಪರವಾಗಿಯೂ ದಂಡು ಕಟ್ಟಿ ಹೋಗುತ್ತಿದ್ದರು. ಅನೂಪಗಿರಿ ಗೋಸಾಯಿ ಅನ್ನುವವರು ಅವಧದ ನವಾಬರ ಪಡೆಯ ಜೊತೆ 1761ರ ಪಾಣಿಪತ್‌ನಲ್ಲೂ 1764ರ ಬಕ್ಸರ್‌ನಲ್ಲೂ ಇದ್ದರು. ಈಗ ಯುದ್ಧ ಇಲ್ಲ. ಆದರೆ ಆ ಶಿಸ್ತು ಹಾಗೇ ಇದೆ. ಹುದ್ದೆಗಳಿವೆ, ಭಾಲೆ ಅನ್ನುವ ಈಟಿಗಳಿಗೆ ಪೂಜೆ ಇದೆ, ತಪ್ಪಿಗೆ ಶಿಕ್ಷೆ ಇದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮ್ಮ ಹುಡುಗ "ಬರ್ತೀನಿ" ಅಂದರೂ ಬರುವುದು ಅವನ ಕೈಯಲ್ಲಿ ಇರುವುದಿಲ್ಲ. ನಾವು ಅದನ್ನು ಅರ್ಥ ಮಾಡಿಕೊಳ್ಳದೆ ಅವನ ಮೇಲೆ ಎಷ್ಟೋ ವರ್ಷ ಸಿಟ್ಟಾಗಿದ್ದೆವು.

2021ರಲ್ಲಿ ಅಪ್ಪ ತೀರಿಕೊಂಡರು. ಸುದ್ದಿ ಅವನಿಗೆ ತಲುಪಿದ್ದು ಒಂಬತ್ತನೇ ದಿನ. ಚಿಕ್ಕಪ್ಪನ ಮಗ ಕೊಳ್ಳಿ ಇಟ್ಟ. ಪೌತಿ ಖಾತೆ ಮಾಡಿಸುವಾಗ ವಂಶವೃಕ್ಷದಲ್ಲಿ ಇದ್ದ ಹಾಗೆ ಅಮ್ಮ, ನಾನು, ತಮ್ಮ ಮೂವರ ಹೆಸರೂ ಪಹಣಿಗೆ ಬಂತು. ಆಗ ಅದು ಸರಿಯೇ ಅನ್ನಿಸಿತು. ಮೂರು ವರ್ಷ ಆದಮೇಲೆ ಅದರ ಬಿಸಿ ಗೊತ್ತಾಯಿತು. ತೋಟಕ್ಕೆ ಕೊಳೆರೋಗ ಬಂದು ಸಾಲ ಬೇಕಾಯಿತು. ಜಂಟಿ ಖಾತೆ, ಮೂವರ ಸಹಿಯೂ ಬೇಕು ಅಂದರು.

2024ರ ಅಕ್ಟೋಬರ್‌ನಲ್ಲಿ ಅವನೇ ಫೋನ್ ಮಾಡಿದ. "ಅಕ್ಕ, ಈ ಸಲ ಪ್ರಯಾಗದಲ್ಲಿ ನನಗೆ ದೀಕ್ಷೆ ಆಗ್ತದೆ. ಹನ್ನೆರಡು ವರ್ಷ ಆಯ್ತು. ಅಮ್ಮನ ಹತ್ರ ಹೇಳಿಬಿಡು" ಅಂದ. ನಾನು ಸುಮ್ನೆ "ಸರಿ" ಅಂದೆ. ರಾತ್ರಿ ಅಮ್ಮನಿಗೆ ಹೇಳಿದಾಗ ಅವಳು ಅಡಿಕೆ ಸುಲಿಯುತ್ತಿದ್ದಳು. ಕತ್ತಿ ನಿಲ್ಲಲಿಲ್ಲ. "ಮೊದಲು ಬಂದು ಹೋಗಲಿ" ಅಂದಳು, ಅಷ್ಟೇ.

ಒಂದು ವಾರದಲ್ಲಿ ಅಖಾಡದ ಕಡೆಯಿಂದ ಚಿಕ್ಕಪ್ಪನಿಗೆ ಫೋನ್ ಬಂತು. ಹುಡುಗನ ಮೇಲೆ ಪೊಲೀಸ್ ಕೇಸು ಇದೆಯಾ, ಸಾಲ ಇದೆಯಾ, ಮದುವೆ ಆಗಿದೆಯಾ, ಮನೆಯವರ ತಕರಾರು ಇದೆಯಾ ಅಂತ ಹಿಂದಿಯಲ್ಲಿ ವಿಚಾರಿಸಿದರು. ಹೀಗೆ ವಿಚಾರಣೆ ಮಾಡಿಯೇ ಅವರು ತೆಗೆದುಕೊಳ್ಳುತ್ತಾರಂತೆ. ನಿಮಗೆ ಇಂಥ ಫೋನ್ ಬಂದರೆ ದಯವಿಟ್ಟು ಮುಚ್ಚಿಡಬೇಡಿ. ಕೊಡಬೇಕಾದ ಸಾಲ, ಮುಗಿಯದ ಜವಾಬ್ದಾರಿ ಇದ್ದರೆ ಹೇಳುವುದಕ್ಕೆ ಇದೊಂದೇ ಸಮಯ. ಚಿಕ್ಕಪ್ಪ ಜಮೀನಿನ ವಿಷಯ ಹೇಳಿದರು. "ದೀಕ್ಷೆಗೆ ಮೊದಲೇ ಬಿಡಿಸಿಕೊಳ್ಳಿ, ಆಮೇಲೆ ಅವನು ನಿಮ್ಮವನಲ್ಲ" ಅಂತ ಅವರೇ ಅಂದರಂತೆ.

ವಕೀಲರ ಹತ್ತಿರ ಹೋದೆ. ಅವರು ಎರಡು ದಿನ ಓದಿಕೊಂಡು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಸನ್ಯಾಸ ತೆಗೆದುಕೊಂಡವನು ಹಿಂದೂ ಕಾನೂನಿನ ಪ್ರಕಾರ ಲೋಕಕ್ಕೆ ಸತ್ತ ಹಾಗೆ. ವಕೀಲರು ಇದನ್ನು ಸಿವಿಲ್ ಡೆತ್ ಅನ್ನುತ್ತಾರೆ. ಅವನ ಆಸ್ತಿ ವಾರಸುದಾರರಿಗೆ ಹೋಗುತ್ತದೆ. ಕೇಳಲು ಸುಲಭ. ಆದರೆ ಕಾವಿ ಉಟ್ಟರೆ, ಹೆಸರು ಬದಲಾಯಿಸಿಕೊಂಡರೆ ಸಾಲದು. ಎಲ್ಲವನ್ನೂ ಬಿಟ್ಟಿದ್ದಾನೆ, ಬೇಕಾದ ವಿಧಿಗಳು ನಡೆದಿವೆ ಅಂತ ಸಾಕ್ಷಿ ಸಮೇತ ತೋರಿಸಬೇಕು. ಕೃಷ್ಣ ಸಿಂಗ್ ಮತ್ತು ಮಥುರಾ ಅಹಿರ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ. ಅಂದರೆ ದೀಕ್ಷೆ ಆದಮೇಲೆ ಖಾತೆಯಿಂದ ಹೆಸರು ತೆಗೆಸಬೇಕಾದರೆ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿ ಘೋಷಣೆ ಪಡೆಯಬೇಕು. ನಾಡಕಚೇರಿಯಲ್ಲಿ ಕೇಳುವುದು ಮರಣ ಪತ್ರ. ಬದುಕಿರುವವನಿಗೆ ಮರಣ ಪತ್ರ ಕೊಡುವವರು ಯಾರು? ಏಳು ವರ್ಷ ಸುಳಿವಿಲ್ಲದವರ ಬಗ್ಗೆ ಇರುವ ಕಾನೂನೂ ನಮಗೆ ಬರುವುದಿಲ್ಲ, ಯಾಕಂದರೆ ಅವನು ಎಲ್ಲಿದ್ದಾನೆ ಅಂತ ನಮಗೆ ಗೊತ್ತು.

"ಅದಕ್ಕೇ ಈಗಲೇ ಹಕ್ಕು ಬಿಡುಗಡೆ ಪತ್ರ ಮಾಡಿಸಿ. ದೀಕ್ಷೆಗೆ ಮೊದಲು ಅವರೇ ಬಂದು ಸಹಿ ಮಾಡಲಿ" ಅಂದರು ವಕೀಲರು.

ನಾವು ಮಾಡಿದ ಮೊದಲ ತಪ್ಪು ಇಲ್ಲಿ. ಅಷ್ಟು ದೂರದಿಂದ ಬರುವುದು ಯಾಕೆ, ಮುಖ್ತ್ಯಾರು ಪತ್ರ (ಪವರ್ ಆಫ್ ಅಟಾರ್ನಿ) ಕಳಿಸಿದರೆ ಸಾಕಲ್ಲ ಅಂತ ಅವನಿಗೆ ಹೇಳಿದೆ. ಅವನು ಹರಿದ್ವಾರದಲ್ಲಿ ನೋಟರಿ ಹತ್ತಿರ ಮಾಡಿಸಿ ಸ್ಪೀಡ್ ಪೋಸ್ಟ್ ಕಳಿಸಿದ. ಹನ್ನೊಂದು ದಿನಕ್ಕೆ ಬಂತು. ಉಪನೋಂದಣಿ ಕಚೇರಿಯಲ್ಲಿ ತಿರುಗಿಸಿ ನೋಡಿ ವಾಪಸ್ ಕೊಟ್ಟರು. ಬೇರೆಯವರ ಪರವಾಗಿ ಪತ್ರ ನೋಂದಣಿಗೆ ಹಾಜರುಪಡಿಸಬೇಕಾದರೆ ಬರೀ ನೋಟರಿ ಮುದ್ರೆ ಸಾಲದು. ಕೊಡುವವನು ವಾಸವಿರುವ ಊರಿನ ಉಪನೋಂದಣಾಧಿಕಾರಿಯ ಮುಂದೆಯೇ ಅದು ದೃಢೀಕರಣ ಆಗಬೇಕು. ನೋಂದಣಿ ಕಾಯ್ದೆಯ 33ನೇ ಕಲಂ. ಇದನ್ನು ಮೊದಲೇ ಕೇಳಿಕೊಂಡಿದ್ದರೆ ಮೂರು ವಾರ ಉಳಿಯುತ್ತಿತ್ತು.

ಮತ್ತೆ ಫೋನ್. ಅವನು ಗುರುವಿನ ಹತ್ತಿರ ಕೇಳಿ ಹೇಳುತ್ತೇನೆ ಅಂದ. ನಾಲ್ಕು ದಿನ ಉತ್ತರ ಇಲ್ಲ. ಐದನೇ ದಿನ, "ಐದು ದಿನದ ಅಪ್ಪಣೆ ಸಿಕ್ಕಿದೆ" ಅಂದ. ನನಗೆ ಆ ಮಾತು ಚುಚ್ಚಿತು. ಹೆತ್ತ ಮನೆಗೆ ಬರುವುದಕ್ಕೆ ಅಪ್ಪಣೆ.

ಐದು ದಿನದಲ್ಲಿ ಎಲ್ಲ ಆಗಬೇಕು ಅಂದರೆ ಅವನು ಬರುವ ಮೊದಲೇ ಕಾಗದ ತಯಾರಿರಬೇಕು. ಪತ್ರ ಬರಹಗಾರರಿಂದ ಕರಡು ಬರೆಸಿ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಹಾಕಿಸಿದೆ. ತೋಟಕ್ಕೆ ಪಹಣಿ ಸಾಕಾಯಿತು. ಮನೆ ಗ್ರಾಮಠಾಣಾದಲ್ಲಿದೆ, ಅದಕ್ಕೆ ಪಂಚಾಯಿತಿಯಿಂದ ಇ-ಸ್ವತ್ತು ಬೇಕು ಅಂದರು. ನಮ್ಮದು ಆಗಿರಲಿಲ್ಲ. ಅದಕ್ಕೆ ಹಿಡಿದ ಸಮಯವೇ ಜಾಸ್ತಿ. ಅಳತೆಗೆ ಬರುವವರು ಬರಲಿಲ್ಲ, ಬಂದ ದಿನ ಮಳೆ, ಆಮೇಲೆ ಸರ್ವರ್ ಇಲ್ಲ. ಕೊನೆಗೆ ಕೈಗೆ ಸಿಕ್ಕಿದ್ದು ಅವನು ಊರಿಗೆ ಬಂದ ಮಾರನೇ ದಿನ.

ಅವನು ಬಂದಿದ್ದು ಡಿಸೆಂಬರ್ ಎರಡನೇ ವಾರ, ಬೆಳಗಿನ ಬಸ್ಸಿಗೆ. ಸೊಂಟದವರೆಗೆ ಜಟೆ. ಕೈಯಲ್ಲಿ ಚಿಮಟಾ, ಅಂದರೆ ಸಾಧುಗಳ ಉದ್ದ ಇಕ್ಕಳ. ಒಳಗೆ ಬರಲಿಲ್ಲ, ಜಗಲಿಯ ಮೇಲೆ ಕೂತ. ಮಲಗಿದ್ದೂ ಅಲ್ಲೇ. ಅಮ್ಮ ಕಡುಬು ಮಾಡಿದ್ದಳು. ತಟ್ಟೆ ಮುಟ್ಟಲಿಲ್ಲ, ಎರಡು ಕೈ ಜೋಡಿಸಿ ಒಡ್ಡಿ, "ಭಿಕ್ಷೆ ಅಂತ ಹಾಕು ಅಮ್ಮ" ಅಂದ. ಗುರು ಹಾಗೆ ಹೇಳಿ ಕಳಿಸಿದ್ದರಂತೆ. ಅಮ್ಮ ಹಾಕಿದಳು. ಆಮೇಲೆ ಬಚ್ಚಲಮನೆಗೆ ಹೋಗಿ ಒಲೆಗೆ ಸೌದೆ ಒಟ್ಟುತ್ತಾ ಬಹಳ ಹೊತ್ತು ಅಲ್ಲೇ ಇದ್ದಳು.

ಮೊದಲ ದಿನ ಹೋಗಿದ್ದು ಆಧಾರ್ ಕೇಂದ್ರಕ್ಕೆ. ಜೋಡಿಸಿದ್ದ ಮೊಬೈಲ್ ನಂಬರ್ ಹತ್ತು ವರ್ಷದ ಹಿಂದೆಯೇ ನಿಂತುಹೋಗಿತ್ತು. ಹೊಸ ನಂಬರ್ ಹಾಕಿಸಲು ಆಗ 50 ರೂಪಾಯಿ ಇತ್ತು. ಆದರೆ ಬೆರಳಚ್ಚು ಹತ್ತಲಿಲ್ಲ. ಹನ್ನೆರಡು ವರ್ಷ ಧುನಿಯ ಬೂದಿ, ಕೆಂಡ, ಸೌದೆ ಮುಟ್ಟಿದ ಬೆರಳು. ರೇಖೆಯೇ ಇರಲಿಲ್ಲ. ನಾಲ್ಕು ಸಲ ಒರೆಸಿ, ತೇವ ಮಾಡಿ ನೋಡಿದರು. ಕೊನೆಗೆ ಕಣ್ಣಿನ ಪಾಪೆಯಲ್ಲಿ ಆಯಿತು. ನಿಮ್ಮ ಹುಡುಗ ವರ್ಷಕ್ಕೊಮ್ಮೆಯಾದರೂ ಸಿಗುತ್ತಾನೆ ಅಂತಾದರೆ ಆಧಾರನ್ನು ಈಗಲೇ ಸರಿ ಮಾಡಿಸಿಡಿ. ಫೋಟೋ ಕೂಡ.

ಮೂರನೇ ದಿನ ನೋಂದಣಿ. ಹನ್ನೊಂದು ಗಂಟೆಗೆ ಹೇಳಿದ್ದರು, ಕೂಗಿದ್ದು ನಾಲ್ಕೂವರೆಗೆ. ಅಷ್ಟು ಹೊತ್ತೂ ಅವನು ಕಚೇರಿಯ ಹೊರಗೆ ಹಲಸಿನ ಮರದ ಕೆಳಗೆ ಬೆನ್ನು ನೆಟ್ಟಗೆ ಮಾಡಿ ನೆಲದ ಮೇಲೆ ಕೂತಿದ್ದ. ಬಂದವರು ಕಾಲಿಗೆ ಬೀಳುತ್ತಿದ್ದರು. ನಾನು ಪಕ್ಕದಲ್ಲಿ ಫೈಲು ಹಿಡಿದುಕೊಂಡು ನಿಂತಿದ್ದೆ.

ಅಲ್ಲಿ ನಡೆದ ಒಂದು ವಿಷಯ ಹೇಳಲೇಬೇಕು. ಸಹಿ ಮಾಡುವಾಗ ಅವನು ತನ್ನ ಹೆಸರನ್ನು ಕನ್ನಡದಲ್ಲಿ ಬರೆಯಲು ಹೊರಟ. ಎರಡು ಅಕ್ಷರ ಬರೆದು, ಅದರ ತಲೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದುಬಿಟ್ಟ. ಹಿಂದಿಯಲ್ಲಿ ಎಳೆಯುತ್ತಾರಲ್ಲ, ಹಾಗೆ. ಎಳೆದಮೇಲೆ ನೋಡಿದ. ಅವನಿಗೆ ಏನು ತಪ್ಪಾಯಿತು ಅಂತ ತಕ್ಷಣ ಗೊತ್ತಾಗಲಿಲ್ಲ. ಗುಮಾಸ್ತರು, "ಸ್ವಾಮಿ, ಹಳೇ ಸಹಿ ತರಾನೇ ಬೇಕು" ಅಂದರು. ಬೇರೆ ಹಾಳೆ ಮುದ್ರಿಸಿದರು. ನಾನು ಒಂದು ಚೀಟಿಯ ಮೇಲೆ ಅವನ ಹೆಸರು ಬರೆದು ತೋರಿಸಿದೆ. ಅದನ್ನು ನೋಡಿಕೊಂಡು ಒಂದನೇ ಕ್ಲಾಸಿನ ಹುಡುಗನ ಹಾಗೆ ನಿಧಾನಕ್ಕೆ ಬರೆದ. ಆ ಹೆಸರಿನಲ್ಲಿ ಅವನು ಮಾಡಿದ ಕೊನೆಯ ಸಹಿಗಳು ಅವು. ಪುಟಕ್ಕೊಂದರಂತೆ ಒಂಬತ್ತು.

ಪತ್ರ ಬರಹಗಾರರು, ವಕೀಲರು, ಮುದ್ರಾಂಕ, ಓಡಾಟ ಎಲ್ಲ ಸೇರಿ ಆ ತಿಂಗಳು ನಮಗೆ 17 ಸಾವಿರ ಚಿಲ್ಲರೆ ಖರ್ಚಾಯಿತು. ಕೋರ್ಟಿಗೆ ಹೋಗಿದ್ದರೆ ಇದರ ಎಷ್ಟು ಪಟ್ಟು ಆಗುತ್ತಿತ್ತೋ.

ಕೊನೆಯ ರಾತ್ರಿ ಅಮ್ಮ ಜಗಲಿಯಲ್ಲಿ ಅವನ ಎದುರು ಕೂತು ಕೇಳಿದಳು. ಅವಳು ಇದನ್ನು ಕೇಳುವುದಕ್ಕೇ ಐದು ದಿನ ಕಾದಿದ್ದಳು ಅಂತ ಕಾಣುತ್ತದೆ. "ನಾನು ಸತ್ತಾಗ ಬರ್ತೀಯಾ?"

ಅವನು ಮಾತಾಡಲಿಲ್ಲ.

"ಶಂಕರಾಚಾರ್ಯರೂ ಸನ್ಯಾಸಿಯೇ ಆಗಿದ್ರು. ತಾಯಿ ಸತ್ತಾಗ ಕಾಲಡಿಗೆ ಬಂದು ತಾವೇ ಸಂಸ್ಕಾರ ಮಾಡಿದ್ರು ಅಂತಾರೆ. ಕೇಳಿದೀಯಲ್ಲ?"

"ಕೇಳಿದೀನಿ ಅಮ್ಮ. ಅವರು ಗುರುಗಳು. ನಾನು ಸಿಪಾಯಿ."

ಆಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಬೆಳಿಗ್ಗೆ ಆರರ ಬಸ್ಸಿಗೆ ಹೋದ. ತಿರುಗಿ ನೋಡಬಾರದಂತೆ. ನೋಡಲಿಲ್ಲ.

ಜನವರಿಯಲ್ಲಿ ಚಿಕ್ಕಪ್ಪನ ಜೊತೆ ನಾನು ಪ್ರಯಾಗಕ್ಕೆ ಹೋದೆ. ಅಮ್ಮ ಬರಲಿಲ್ಲ. ಬೆಂಗಳೂರಿನಿಂದ ಸಂಘಮಿತ್ರ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ. ಪ್ರಯಾಗರಾಜ್ ಛಿವ್‌ಕಿಯಲ್ಲಿ ಇಳಿದು, ಅಲ್ಲಿಂದ ಆಟೋ ಸ್ವಲ್ಪ ದೂರ, ಆಮೇಲೆ ಬರೀ ನಡಿಗೆ. ಅಖಾಡಗಳ ಡೇರೆಗಳು ಝೂಂಸಿ ಕಡೆ, ಸೆಕ್ಟರ್ 20ರಲ್ಲಿದ್ದವು. ನದಿ ದಾಟಲು ಪೀಪಾಯಿ ಸೇತುವೆಗಳಿದ್ದವು. ಜನ ಜಾಸ್ತಿಯಾದರೆ ಒಂದನ್ನು ಮುಚ್ಚಿ ಇನ್ನೊಂದಕ್ಕೆ ತಿರುಗಿಸುತ್ತಾರೆ. ಒಂದು ಸಲ ಹಾಗೆ ಸುತ್ತಿ ಹನ್ನೆರಡು ಕಿಲೋಮೀಟರ್ ಆಯಿತು. ಚಿಕ್ಕಪ್ಪನ ಮಂಡಿ ಊದಿತು. ಮುಂಜಾನೆ ಮಂಜು ಎಷ್ಟಿತ್ತು ಅಂದರೆ ಪಕ್ಕದಲ್ಲಿ ನಡೆಯುವವರ ಮುಖ ಕಾಣುತ್ತಿರಲಿಲ್ಲ. ಹೋಗುವವರು ಎರಡು ಸ್ವೆಟರ್, ಒಳ್ಳೆಯ ಕಂಬಳಿ, ಮಂಡಿಗೆ ಔಷಧ ಮರೆಯಬೇಡಿ. ಇಬ್ಬರಿಗೂ ಸೇರಿ ಹೋಗಿಬಂದ ಖರ್ಚು 19 ಸಾವಿರ ದಾಟಿತು.

ಮನೆಯವರಿಗೆ ಅಲ್ಲಿ ವಿಶೇಷ ಜಾಗ ಇಲ್ಲ. ಕರೆಯೋಲೆಯೂ ಇಲ್ಲ. ದೀಕ್ಷೆಗೆ ನಿಂತವರಿಗೆಲ್ಲ ಪರ್ಚಿ ಅಂತ ಒಂದು ಚೀಟಿ ಕೊಟ್ಟಿರುತ್ತಾರೆ. ಯಾರ ಶಿಷ್ಯ, ಯಾವ ಮಢಿ ಅಂತ ಅದರಲ್ಲಿ ಇರುತ್ತದೆ. ಮಢಿ ಅಂದರೆ ಅಖಾಡದ ಒಳಗಿನ ಗುಂಪು. ಅಂಥವು 52. ಅವನಿಗೆ ಊರಿನ ವಿಳಾಸ ಹೋಗಿ ಮಢಿ ಬಂತು.

ದಡದಲ್ಲಿ ನೂರಾರು ಜನ ಸಾಲಾಗಿ ಕೂತಿದ್ದರು. ಕ್ಷೌರಿಕರು ಒಬ್ಬರಾದ ಮೇಲೊಬ್ಬರಿಗೆ ತಲೆ ಬೋಳಿಸುತ್ತಾ ಹೋದರು. ಹತ್ತು ಹನ್ನೆರಡು ವರ್ಷದ ಜಟೆಗಳು ಮರಳಿನ ಮೇಲೆ ಗುಡ್ಡೆ ಬಿದ್ದಿದ್ದವು. ಆಮೇಲೆ ಗಂಗೆಯಲ್ಲಿ 108 ಸಲ ಮುಳುಗಬೇಕು. ಆ ಚಳಿಯಲ್ಲಿ. ಮುಳುಗಿ ಎದ್ದು ಬಂದು ಪಿಂಡ ಇಡುತ್ತಾರೆ. ಹಿರಿಯರಿಗೆಲ್ಲ ಇಟ್ಟು ಕೊನೆಯದನ್ನು ತನಗೆ ತಾನೇ ಇಟ್ಟುಕೊಳ್ಳುತ್ತಾರೆ. ಒಟ್ಟು 17.

ನಾನು ಹಗ್ಗದ ಈಚೆ ನಿಂತು ಅವನನ್ನು ಹುಡುಕಿದೆ. ಎಲ್ಲರೂ ಬೋಳು ತಲೆ, ಎಲ್ಲರಿಗೂ ಒಂದೇ ಬಿಳಿ ಲಂಗೋಟಿ, ಎಲ್ಲರೂ ನಡುಗುತ್ತಿದ್ದಾರೆ. ಚಿಕ್ಕಪ್ಪ, "ಆ ಮೂರನೇ ಸಾಲು ನೋಡು" ಅಂದರು. ಅವನಲ್ಲ. ಇನ್ನೊಬ್ಬ ಅವನೇ ಅನ್ನಿಸಿತು, ತಿರುಗಿದಾಗ ಅಲ್ಲ. ಎರಡು ಗಂಟೆ ನೋಡಿದೆ. ಗೊತ್ತಾಗಲೇ ಇಲ್ಲ. ಕೊನೆಗೆ ಇಡೀ ಸಾಲಿಗೆ ಕೈ ಮುಗಿದೆ. ರಾತ್ರಿ ಧರ್ಮಧ್ವಜದ ಕೆಳಗೆ ವಿರಜಾ ಹೋಮ, ಶಿಖೆ ಕತ್ತರಿಸುವುದು, ಮಂತ್ರ ಕೊಡುವುದು. ಅದಕ್ಕೆ ಹೊರಗಿನವರನ್ನು ಬಿಡುವುದಿಲ್ಲ. ಪ್ರಯಾಗದಲ್ಲಿ ನಾಗಾ ಆದವರನ್ನು ರಾಜರಾಜೇಶ್ವರಿ ನಾಗಾ ಅನ್ನುತ್ತಾರೆ, ಹರಿದ್ವಾರದಲ್ಲಿ ಆದವರನ್ನು ಬರ್ಫಾನಿ, ಉಜ್ಜಯಿನಿಯಲ್ಲಿ ಆದವರನ್ನು ಖೂನಿ, ನಾಸಿಕ್‌ನಲ್ಲಿ ಆದವರನ್ನು ಖಿಚಡಿಯಾ ಅಂತ ಅಲ್ಲಿ ಚಹಾ ಮಾರುವವರು ಹೇಳಿದರು.

ಹಗ್ಗದ ಪಕ್ಕ ನನ್ನ ಹಾಗೆಯೇ ನಿಂತಿದ್ದ ಇನ್ನೊಬ್ಬ ಹೆಣ್ಣುಮಗಳು ಮಹಾರಾಷ್ಟ್ರದವಳು. ಅವಳು ಹುಡುಕುತ್ತಿದ್ದುದು ಗಂಡನನ್ನು. ಆರು ವರ್ಷದ ಮಗ ಅವಳ ಸೆರಗು ಹಿಡಿದಿದ್ದ. ಮನೆ ಬಿಟ್ಟು ಬಂದಿದ್ದಾನೆ, ಅಖಾಡಕ್ಕೆ ಮದುವೆಯ ವಿಷಯ ಹೇಳಿದ್ದಾನೋ ಇಲ್ಲವೋ ಗೊತ್ತಿಲ್ಲ ಅಂದಳು. ಊರಿಗೆ ಬಂದು ವಕೀಲರನ್ನು ಕೇಳಿದೆ. ಅಂಥವರಿಗೆ ಕಾನೂನಿನಲ್ಲಿ ದಾರಿ ಇದೆ. 1955ರ ಹಿಂದೂ ವಿವಾಹ ಕಾಯ್ದೆಯ 13ನೇ ಕಲಂ ಪ್ರಕಾರ ಗಂಡ ಅಥವಾ ಹೆಂಡತಿ ಸನ್ಯಾಸ ತೆಗೆದುಕೊಂಡರೆ ಅದು ವಿಚ್ಛೇದನಕ್ಕೆ ಒಂದು ಕಾರಣ. ಪೂರ್ತಿಯಾಗಿ ಲೋಕ ಬಿಟ್ಟವನಿಗೆ ಮಗುವಿನ ಸಹಜ ಪೋಷಕನ ಹಕ್ಕೂ ಉಳಿಯುವುದಿಲ್ಲ, ಇದು 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆಯಲ್ಲಿದೆ. ಇದನ್ನು ಅವಳಿಗೆ ತಿಳಿಸಲು ನನ್ನ ಹತ್ತಿರ ನಂಬರ್ ಇರಲಿಲ್ಲ.

ನಾವು 27ಕ್ಕೆ ಅಲ್ಲಿಂದ ಹೊರಟೆವು. 29ರ ಬೆಳಗಿನ ಜಾವ ಮೌನಿ ಅಮಾವಾಸ್ಯೆಯ ನೂಕುನುಗ್ಗಲಿನ ಸುದ್ದಿ ಬಂತು. 30 ಜನ ಸತ್ತರು ಅಂತ ಸಂಜೆ ಅಧಿಕಾರಿಗಳು ಹೇಳಿದರು. ನಾನು ಅವನ ನಂಬರಿಗೆ ಕರೆ ಮಾಡುತ್ತಲೇ ಇದ್ದೆ. ಸ್ವಿಚ್ ಆಫ್. ಆಗ ನನಗೆ ಮೊದಲ ಸಲ ಗಾಬರಿಯ ಜೊತೆ ಇನ್ನೊಂದು ವಿಷಯ ಹೊಳೆಯಿತು. ಅವನಿಗೆ ಏನಾದರೂ ಆದರೆ ನಮಗೆ ತಿಳಿಸಬೇಕಾದವರು ಯಾರೂ ಇಲ್ಲ. ಅವನ ದೇಹ ಅಖಾಡದ್ದು. ಸನ್ಯಾಸಿಯನ್ನು ಸುಡುವುದಿಲ್ಲ, ಸಮಾಧಿ ಮಾಡುತ್ತಾರೆ, ಅದೂ ಅವರದ್ದೇ ಕೆಲಸ. ನಮಗೆ ಸೂತಕವೂ ಇಲ್ಲ. ಎರಡು ದಿನ ಆದಮೇಲೆ ಅಲ್ಲೇ ಇದ್ದ ಬೆಳಗಾವಿ ಕಡೆಯ ಒಬ್ಬ ಸಾಧು ಮೆಸೇಜ್ ಕಳಿಸಿದರು. "ಎಲ್ಲಾ ಆರಾಮ ಅದಾರ್ರಿ." ಹೋಗುವವರು ಹೀಗೆ ಭಾಷೆ ಗೊತ್ತಿರುವ ಒಬ್ಬರ ನಂಬರ್ ತೆಗೆದುಕೊಂಡು ಬನ್ನಿ. ಅದರಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

ಮಾರ್ಚ್‌ನಲ್ಲಿ ಮ್ಯುಟೇಷನ್ ಆಗಿ ಪಹಣಿಯಿಂದ ಹೆಸರು ಹೋಯಿತು. ರೇಷನ್ ಕಾರ್ಡಿನಿಂದಲೂ ತೆಗೆಸಿದೆವು. ಎಲ್ಲ ಮುಗಿಯಿತು ಅಂದುಕೊಂಡೆ.

ಮೇ ತಿಂಗಳಲ್ಲಿ ಅಪ್ಪನ ಟ್ರಂಕಿನ ತಳದಲ್ಲಿ, ಹಳೇ ಪಂಚಾಂಗದ ಒಳಗೆ, ಸೊಸೈಟಿಯ ಠೇವಣಿ ರಸೀದಿ ಸಿಕ್ಕಿತು. ಬಡ್ಡಿ ಸೇರಿ 1 ಲಕ್ಷ 40 ಸಾವಿರ ಹತ್ತಿರ. ನಾಮಿನಿ ತಮ್ಮ. ಎದೆ ಧಸಕ್ ಅಂದಿತು. ಅವನು ಜಗಲಿಯಲ್ಲಿ ಕೂತಿದ್ದ ಆ ಐದು ದಿನವೂ ಈ ಕಾಗದ ಹತ್ತು ಅಡಿ ದೂರದಲ್ಲಿತ್ತು. ದಯವಿಟ್ಟು ಇದನ್ನು ನೆನಪಿಡಿ. ಜಮೀನು ಒಂದನ್ನೇ ನೋಡಬೇಡಿ. ಬ್ಯಾಂಕು, ವಿಮೆ, ಸೊಸೈಟಿಯ ಷೇರು, ಅಂಚೆ ಕಚೇರಿಯ ಪುಸ್ತಕ, ಎಲ್ಲೆಲ್ಲಿ ಅವನ ಹೆಸರು ನಾಮಿನಿ ಅಂತ ಇದೆ ನೋಡಿ. ನಾಮಿನಿ ಅಂದರೆ ಒಡೆಯ ಅಲ್ಲ, ವಾರಸುದಾರರ ಪರವಾಗಿ ಹಣ ಪಡೆಯುವವನು ಅಷ್ಟೇ. ಆದರೆ ಹಣ ಕೊಡುವವರು ಕೇಳುವುದು ಅವನ ಸಹಿಯನ್ನೇ.

ಜೂನ್‌ನಲ್ಲಿ ಹರಿದ್ವಾರಕ್ಕೆ ಹೋದೆ. ಒಬ್ಬಳೇ. ಇಲ್ಲಿಂದ ಮುಂದೆ ತಮ್ಮನನ್ನು "ಅವರು" ಅಂತಲೇ ಬರೆಯುತ್ತೇನೆ. ಅಲ್ಲಿ ನಾನು ಬಾಯಿ ತಪ್ಪಿ "ನೀನು" ಅಂದಾಗ ಪಕ್ಕದಲ್ಲಿದ್ದವರು ನನ್ನ ಮುಖ ನೋಡಿದರು. ಅವರೇನೂ ಅನ್ನಲಿಲ್ಲ. ನಾನೇ ತಿದ್ದಿಕೊಂಡೆ. "ಓಂ ನಮೋ ನಾರಾಯಣ" ಅಂದರು, ನಾನೂ ಅಂದೆ. ಮೈಯೆಲ್ಲ ಭಸ್ಮ. ಕಣ್ಣು ಮಾತ್ರ ಅಪ್ಪನ ಕಣ್ಣು. ಕೂರಿಸಿ, ಚಹಾ ತರಿಸಿ, ಪ್ರಯಾಣ ಹೇಗಾಯಿತು ಅಂತ ಕೇಳಿದರು. ಅಮ್ಮನನ್ನು "ಮಾತಾಜಿ" ಅಂದರು.

ಕಾಗದ ಮುಂದಿಟ್ಟೆ. ಓದಿದರು. ಹಳೆಯ ಹೆಸರಿನಲ್ಲಿ ಸಹಿ ಬೇಕು ಅಂದೆ.

"ಆ ಹೆಸರಿನವರು ಇಲ್ಲ ಅಕ್ಕ" ಅಂದರು. ಅಕ್ಕ ಅಂದಿದ್ದು ಆ ಒಂದೇ ಸಲ. ಧ್ವನಿಯಲ್ಲಿ ಗಡಸು ಇರಲಿಲ್ಲ. "ಪಿಂಡ ಇಟ್ಟಾಗಿದೆ. ಈಗ ಸಹಿ ಮಾಡಿದರೆ ಅದು ಸುಳ್ಳು ಸಹಿ."

ನನಗೆ ಅಳು ಬಂತು. ಸಿಟ್ಟೂ ಬಂತು. 1 ಲಕ್ಷ 40 ಸಾವಿರ ಅಮ್ಮನಿಗೆ ಸಣ್ಣ ಮೊತ್ತ ಅಲ್ಲ. ಆದರೆ ಅವರ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಅದೇ ಮಾತನ್ನು ನಂಬಿಯೇ ಅಲ್ವಾ ನಾವು ಡಿಸೆಂಬರ್‌ನಲ್ಲಿ ಅಷ್ಟೆಲ್ಲ ಓಡಾಡಿದ್ದು?

ಸಂಜೆ ಅವರ ಗುರುಗಳು ಕರೆಸಿ ಎಲ್ಲ ಕೇಳಿದರು. ಅಖಾಡದ ಕಾಗದದ ಮೇಲೆ ಒಂದು ಪತ್ರ ಬರೆಸಿ ಮುದ್ರೆ ಹಾಕಿಸಿ ಕೊಟ್ಟರು. ಇಂಥ ಹೆಸರಿನವರು, ಇಂಥವರ ಮಗ, ಪ್ರಯಾಗದಲ್ಲಿ ಇಂಥ ದಿನ ಸನ್ಯಾಸ ಪಡೆದಿದ್ದಾರೆ, ಈಗ ಇಂಥ ಹೆಸರು, ಹಿಂದಿನ ಮನೆಯ ಯಾವ ಸ್ವತ್ತಿನಲ್ಲೂ ಹಕ್ಕು ಇಲ್ಲ. ಈ ಪತ್ರವನ್ನು ದೀಕ್ಷೆ ಆದ ತಿಂಗಳೇ ಕೇಳಿ ಇಟ್ಟುಕೊಳ್ಳಿ. ಮೂರು ಪ್ರತಿ. ಸರ್ಕಾರವೂ ಗುರುವನ್ನು ಒಪ್ಪುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ವಕೀಲರು ಹೇಳಿದರು. ಸಾಧುಗಳು ಪಾಸ್‌ಪೋರ್ಟ್ ಅರ್ಜಿಯಲ್ಲಿ ತಂದೆ ತಾಯಿಯ ಹೆಸರಿನ ಬದಲು ಗುರುವಿನ ಹೆಸರು ಬರೆಯಬಹುದು ಅಂತ 2016ರ ಡಿಸೆಂಬರ್‌ನಿಂದ ನಿಯಮ ಇದೆ.

ಸೊಸೈಟಿಯಲ್ಲಿ ಆ ಪತ್ರ ಹಿಂದಿಯಲ್ಲಿದೆ ಅಂದರು. ಅನುವಾದ ಮಾಡಿಸಿ ನೋಟರಿ ಮಾಡಿಸಿದೆ. ಮರಣ ಪತ್ರ ಎಲ್ಲಿ ಅಂದರು. ಅಧ್ಯಕ್ಷರು ಇಲ್ಲ ಅಂದರು. ಎರಡು ಸಲ ಸಭೆಯಲ್ಲಿ ವಿಷಯವೇ ಬರಲಿಲ್ಲ. ಮೂರನೇ ಸಭೆಯಲ್ಲಿ ಒಪ್ಪಿದರು, ಷರತ್ತು ಹಾಕಿ. ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟಣೆ, ಒಂದು ತಿಂಗಳು ತಕರಾರಿಗೆ ಕಾಯುವುದು, ಅಮ್ಮ ಮತ್ತು ನನ್ನಿಂದ ಮುಚ್ಚಳಿಕೆ, ಇಬ್ಬರು ಜಾಮೀನುದಾರರು. ಪ್ರಕಟಣೆಯಲ್ಲಿ ಅವರ ಹಳೆಯ ಹೆಸರು ಅಚ್ಚಾಗಿತ್ತು. ಅಮ್ಮ ಆ ತುಂಡನ್ನು ಕತ್ತರಿಸಿ ಟ್ರಂಕಿನಲ್ಲಿ ಇಟ್ಟಿದ್ದಾಳೆ.

ಹಣ ಬಂದ ಮಾರನೇ ದಿನ ನಮ್ಮ ಪುರೋಹಿತರು ಬೇರೆ ಕೆಲಸಕ್ಕೆ ಮನೆಗೆ ಬಂದಿದ್ದರು. ಅಮ್ಮ ಕಾಫಿ ಕೊಟ್ಟು, ನಿಂತುಕೊಂಡೇ ಕೇಳಿದಳು. "ನನಗೆ ಇವಳು ಬೆಂಕಿ ಕೊಡಬಹುದಾ?"

ಅವರು ಲೋಟ ಕೆಳಗಿಟ್ಟು ನನ್ನ ಕಡೆ ನೋಡಿದರು. "ಯಾಕಾಗಬಾರದು, ಮಾಡಬಹುದು" ಅಂದರು.

"ಹಾಗಾದ್ರೆ ಮಂತ್ರ ಹೇಳಿಕೊಡಿ ಅವಳಿಗೆ" ಅಂದಳು ಅಮ್ಮ. ಹೇಳಿ, ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆ ತಿರುವಲು ಹೋದಳು.